ಏಜೆಂಟ್‌ಗೆ ಯೂನಿಟ್ ತಿಳಿಸಿದ ಮೇಲೆ ಸರಿಹೋಯ್ತು

ಭಾರ ಬಿದ್ದಾಗ ಭಾಗಗಳು ಎಷ್ಟು ಬಾಗುತ್ತವೆ ಎಂದು ಲೆಕ್ಕ ಹಾಕುವ ಸಾಲ್ವರ್ ಕ್ಯಾಲ್ಕ್ಯುಲಿಕ್ಸ್‌ಗೆ, ಎಂಸಿಪಿ (ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಪ್ರೋಟೋಕಾಲ್) ಮೂಲಕ ಎಐ ಏಜೆಂಟ್ ಜೋಡಿಸಿದ್ದೆ. ಎರರ್ ಒಂದೂ ಇಲ್ಲ, ಆದರೆ ಉಕ್ಕಿನ ಬ್ರಾಕೆಟ್ ಬಾಗಿದ್ದು ಹೆಚ್ಚುಕಮ್ಮಿ ಸೊನ್ನೆ! ಇನ್‌ಪುಟ್ ಫೈಲ್ ತೆರೆದು ನೋಡಿದೆ. ಮಾಡೆಲ್ ಮಿಲಿಮೀಟರ್‌ನಲ್ಲಿದೆ, ಬಲ ನ್ಯೂಟನ್‌ನಲ್ಲಿದೆ, ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಬಿಗಿ ಎಂಬ ಅಳತೆ) ಮಾತ್ರ ಪಾಸ್ಕಲ್‌ನಲ್ಲಿ. ಮಿಲಿಮೀಟರ್, ನ್ಯೂಟನ್ ಜೊತೆ ಹೊಂದುವುದು ಮೆಗಾಪಾಸ್ಕಲ್. ಹಾಗಾಗಿ 2,10,000 ಇರಬೇಕಾದ ಕಡೆ ಅದರ ಹತ್ತು ಲಕ್ಷ ಪಟ್ಟು. ಈ ಸಾಲ್ವರ್‌ಗೆ ಯೂನಿಟ್ ಅನ್ನೋದೇ ಇಲ್ಲ, ಕೊಟ್ಟ ಸಂಖ್ಯೆಯನ್ನು ಸುಮ್ನೆ ನಂಬುತ್ತದೆ.

ಪ್ರಾಂಪ್ಟ್ ತಿದ್ದುವ ಗೋಜಿಗೆ ಹೋಗಲಿಲ್ಲ. ಟೂಲ್‌ನ ವಿವರಣೆಯಲ್ಲೇ ಬರೆದೆ: 'ಮೆಗಾಪಾಸ್ಕಲ್‌ನಲ್ಲಿ ಕೊಡಿ, ಉಕ್ಕಿಗೆ ಸುಮಾರು 2,10,000.' ಪ್ಯಾರಾಮೀಟರ್ ಹೆಸರಿಗೂ ಯೂನಿಟ್ ಅಂಟಿಸಿದೆ. ಕೊಟ್ಟ ಸಂಖ್ಯೆ ಮಿತಿ ಮೀರಿದರೆ 'ಪಾಸ್ಕಲ್ ಕೊಟ್ಟಿದ್ದೀರಾ? 10 ಲಕ್ಷದಿಂದ ಭಾಗಿಸಿ' ಎಂದು ಟೂಲೇ ಉತ್ತರಿಸುತ್ತದೆ. ಏಜೆಂಟ್ ಅದನ್ನು ಓದಿ ತಾನೇ ತಿದ್ದಿಕೊಳ್ಳುತ್ತದೆ. ಡೆನ್ಸಿಟಿಗೂ ಹೀಗೇ ಮಾಡಿ. ಅದು ಟನ್ ಪ್ರತಿ ಘನ ಮಿಲಿಮೀಟರ್, ಕಾಟ ಇನ್ನೂ ಜಾಸ್ತಿ.