ಹಿತ್ತಾಳೆ ನಟ್ ತಾನಾಗೇ ಸೀಳಿದರೆ ಮೊದಲು ಪಂಪ್ ಇಟ್ಟ ಜಾಗ ನೋಡಿ

ಹಾವೇರಿ ಕಡೆ ಹತ್ತಿಗೆ, ಮೆಣಸಿನ ಗಿಡಕ್ಕೆ ಔಷಧ ಹೊಡೆಯುವವರಿಗೆ ಇದು ಗೊತ್ತಿರುತ್ತೆ. ಪಂಪ್‌ನ ಹಿತ್ತಾಳೆ ನಟ್ ಕೆಳಗೆ ಬಿದ್ದಿರುವುದಿಲ್ಲ, ಏಟೂ ತಿಂದಿರುವುದಿಲ್ಲ, ಆದರೂ ಮಳೆಗಾಲ ಮುಗಿಯುವಷ್ಟರಲ್ಲಿ ಉದ್ದಕ್ಕೆ ಕೂದಲೆಳೆಯಂಥ ಸೀಳು. ಕಳಪೆ ಮಾಲು ಅಂತ ಅಂಗಡಿಯವನನ್ನ ಬೈಯೋಕೆ ಮುಂಚೆ ಪಂಪ್ ಎಲ್ಲಿಟ್ಟಿದ್ದೀರಿ ನೋಡಿ. ದನದ ಕೊಟ್ಟಿಗೆಯಲ್ಲೋ ಯೂರಿಯಾ ಚೀಲದ ಪಕ್ಕದಲ್ಲೋ ಇದ್ದರೆ ನನ್ನ ಅನುಮಾನ ಅದರ ಮೇಲೇ. ಗಂಜಲದಿಂದ, ಒದ್ದೆ ಯೂರಿಯಾದಿಂದ ಅಮೋನಿಯಾ ಏಳುತ್ತೆ, ಮೂಗಿಗೆ ಹೊಡೆಯೋ ಘಾಟು ಅದೇ. ಬಿಗಿತದಲ್ಲಿರುವ ಹಿತ್ತಾಳೆಗೆ ತೇವದ ಜೊತೆ ಅದು ತಾಗಿದರೆ ಲೋಹ ತಾನಾಗೇ ಬಿರಿಯುತ್ತೆ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯದಲ್ಲಿಟ್ಟ ಬಂದೂಕಿನ ತೋಟಾಗಳ ಹಿತ್ತಾಳೆಯೂ ಮಳೆಗಾಲದಲ್ಲಿ ಹೀಗೇ ಸೀಳುತ್ತಿತ್ತು, 1921ರಲ್ಲಿ ಕಾರಣ ಪತ್ತೆಯಾಯಿತು.

ಕೆಲಸ ಮುಗಿದ ಮೇಲೆ ಒಳ್ಳೆ ನೀರಲ್ಲಿ ತೊಳೆದು, ಒರೆಸಿ, ನಟ್ ಸ್ವಲ್ಪ ಸಡಿಲ ಮಾಡಿ, ಗಾಳಿಯಾಡುವ ಕಡೆ ತೂಗುಹಾಕಿ. ಸೀಳಿದ್ದಕ್ಕೆ ಬೆಸುಗೆ ಹಾಕಿಸೋದು ದಂಡ, ಪಕ್ಕದಲ್ಲೇ ಮತ್ತೆ ಬಿಡುತ್ತೆ, ಹೊಸದೇ ತನ್ನಿ. ಸೀಳಿಲ್ಲದೆ ಬರೀ ತಾಮ್ರದ ಹಾಗೆ ಕೆಂಪು ಮಚ್ಚೆ ಬಿದ್ದಿದ್ದರೆ ಅದು ಬೇರೆ ರೋಗ, ಹಿತ್ತಾಳೆಯಲ್ಲಿ ತಾಮ್ರದ ಜೊತೆ ಇರುವ ಸತು ಕರಗಿ ಹೋಗಿರುತ್ತೆ, ಅದನ್ನೂ ಬದಲಾಯಿಸಲೇಬೇಕು.