ಗದ್ದೆಯ ಸವಳು ಬಿಡಿಸಿದ್ದು: ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ

ನಮ್ಮದು ಹರಿಹರ ತಾಲ್ಲೂಕು, ಭದ್ರಾ ನಾಲೆ ನೀರಿನ ಊರು. ಎರೆ ಮಣ್ಣು, ಡ್ಯಾಂ ತುಂಬಿದ ವರ್ಷ ಎರಡು ಭತ್ತ. ಮಣ್ಣಿನ ಮಾಲಿನ್ಯ ಅಂದ ತಕ್ಷಣ ಜನ ಫ್ಯಾಕ್ಟರಿ ನೀರು, ಪ್ಲಾಸ್ಟಿಕ್ ಅಂತಾರೆ. ಅದೂ ಇದೆ, ಇಲ್ಲ ಅಂತಲ್ಲ. ಆದರೆ ನಮ್ಮ ಕಡೆ ಹೊಲ ಕೆಟ್ಟಿರೋದು ಜಾಸ್ತಿ ಮಟ್ಟಿಗೆ ಹೊರಗೆ ಹೋಗದೆ ನಿಂತ ನೀರಿನಿಂದ, ಅದರ ಮೇಲೆ ಲೆಕ್ಕವಿಲ್ಲದೆ ಬಿದ್ದ ಗೊಬ್ಬರ, ಔಷಧಿಯಿಂದ.

ಹಳ್ಳದ ಮಗ್ಗುಲಲ್ಲಿ ನಮ್ಮದೊಂದು ತಗ್ಗಿನ ಗದ್ದೆ ಇದೆ. ಮೇಲಿನವರೆಲ್ಲ ಭತ್ತಕ್ಕೆ ನೀರು ನಿಲ್ಲಿಸಿದರೆ ಅದರ ಬಸಿ ಪೂರ್ತಿ ನಮ್ಮ ಗದ್ದೆಯಲ್ಲೇ ಏಳುತ್ತದೆ. ನಾಲೆ ಬಂದ್ ಆಗಿ ಬಿಸಿಲು ಶುರುವಾದರೆ ನೀರು ಆರುತ್ತದೆ, ನೀರಲ್ಲಿದ್ದ ಉಪ್ಪು ಮಾತ್ರ ಮೇಲೇ ಉಳಿಯುತ್ತದೆ. ಫೆಬ್ರವರಿ ಹೊತ್ತಿಗೆ ಬದುವಿನ ಅಂಚಲ್ಲಿ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಹೀಗೆ ಉಪ್ಪು ಹಿಡಿದು ಕೆಟ್ಟ ಮಣ್ಣಿಗೇ ಸವಳು ಅನ್ನೋದು. ಒದ್ದೆ ಇದ್ದಾಗ ಕಾಲಿಗೆ ಅಂಟಿ ಬಿಡದ ಮಣ್ಣು, ಒಣಗಿದ ಮೇಲೆ ನೇಗಿಲಿಗೂ ಬಗ್ಗುತ್ತಿರಲಿಲ್ಲ. ನಾಟಿ ಮಾಡಿದ ಪೈರು ತೆಂಡೆ (ಬುಡದಿಂದ ಬರೋ ಮರಿ ಕವಲು) ಒಡೆಯದೆ ಅಲ್ಲೇ ಕೂರುತ್ತಿತ್ತು.

ಪೈರು ಏಳದಿದ್ದರೆ ಊರಲ್ಲಿ ಎಲ್ಲರೂ ಮಾಡೋದು ಒಂದೇ, ಇನ್ನೊಂದು ಚೀಲ ಯೂರಿಯಾ. ಚೀಲ 45 ಕೆಜಿ, ಅದರಲ್ಲಿ ಸಾರಜನಕ ಶೇ. 46. ಅಂದರೆ ಚೀಲಕ್ಕೆ 20 ಕೆಜಿಗಿಂತ ಸ್ವಲ್ಪ ಜಾಸ್ತಿ. ಕ್ಷಾರ ಜಾಸ್ತಿ ಇರೋ ಮಣ್ಣಲ್ಲಿ ಅದರಲ್ಲಿ ಒಂದು ಭಾಗ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಇನ್ನೊಂದಿಷ್ಟು ಬಸಿನೀರಿನ ಜೊತೆ ಹಳ್ಳಕ್ಕೆ, ಬಾವಿಗೆ. ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಇಟ್ಟಿರೋದು ಸುಮ್ನೆ ಅಲ್ಲ, ಪುಟ್ಟ ಕೂಸುಗಳಿಗೆ ಅದು ಅಪಾಯ. ಪೈರು ಹಿಡಿದಷ್ಟು ಯೂರಿಯಾಕ್ಕೆ ಎಲೆ ಕಡುಹಸಿರಾಗಿ ಮೆತ್ತಗಾಗುತ್ತದೆ. ಅಂಥ ಗದ್ದೆಗೇ ಕಂದು ಜಿಗಿ ಹುಳು ಬರೋದು, ಬೆಂಕಿ ರೋಗ ಬರೋದು. ಆಗ ಔಷಧಿ ಅಂಗಡಿ. ಹೊಡೆದ ಔಷಧಿಯಲ್ಲಿ ಎಲೆಗೆ ಹತ್ತಿದ್ದು ಹತ್ತಿತು, ಮಿಕ್ಕಿದ್ದು ಮಣ್ಣಿಗೆ. ಹುಳಕ್ಕೆ ಹೊಡೆದದ್ದು ಎರೆಹುಳವನ್ನೂ ಬಿಡಲ್ಲ ಅಲ್ವಾ. ರಂಜಕಕ್ಕೆ ಅಂತ ಹಾಕೋ ಡಿಎಪಿ ಗೊಬ್ಬರದ ಕಥೆ ಬೇರೆ. ಅದರ ರಂಜಕ ತೊಳೆದು ಹೋಗಲ್ಲ, ವರ್ಷ ವರ್ಷ ಮಣ್ಣಲ್ಲೇ ಕೂಡಿಕೊಂಡು ಸತುವನ್ನು ಪೈರಿಗೆ ಸಿಗದ ಹಾಗೆ ಮಾಡುತ್ತದೆ. ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಂದಾಗ ರೋಗ ಅಂತ ಔಷಧಿ ಹೊಡೆಯುವವರು ತುಂಬಾ ಜನ. ಎಷ್ಟೋ ಸಲ ಅದು ಸತುವಿನ ಕೊರತೆ ಅಷ್ಟೇ.

ಮಣ್ಣು ಪರೀಕ್ಷೆ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಇಲ್ಲಿ ಒಂದು ಸಂಗತಿ ಯಾರೂ ಹೇಳಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶ ಇರುತ್ತವೆ. ರಸಸಾರ (ಪಿಎಚ್, ಮಣ್ಣು ಹುಳಿಯೋ ಕ್ಷಾರವೋ ಅನ್ನೋ ಅಳತೆ), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಹೀಗೆ. ಸೋಡಿಯಂ ಇರಲ್ಲ. ಸವಳು ಗದ್ದೆಯಲ್ಲಿ ಅಳೆದು ನೋಡಬೇಕಾಗಿದ್ದೇ ಅದು. ನಮ್ಮ ಚೀಟಿಯಲ್ಲಿ ರಸಸಾರ 8.9 ಅಂತ ಇತ್ತು, ಇಂಗಾಲ ಶೇ. 0.38. ಇಂಗಾಲ 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಅಂತಲೇ ಲೆಕ್ಕ. ರಸಸಾರ 8.5 ದಾಟಿದ್ದು ನೋಡಿ ಸೋಡಿಯಂ ಎಷ್ಟಿದೆ, ಎಕರೆಗೆ ಎಷ್ಟು ಜಿಪ್ಸಂ ಬೇಕು ಅಂತ ಬೇರೆಯಾಗಿ ಕೇಳಿ ಮಾಡಿಸಿದೆ. ನೀವೂ ಕೇಳಿಯೇ ಮಾಡಿಸಿ.

ಮನೆಯಲ್ಲೇ ನೋಡಬೇಕಾ? ಗಾಜಿನ ಲೋಟದಲ್ಲಿ ಮಳೆ ನೀರು ತಗೊಳ್ಳಿ, ಬೋರಿನ ನೀರು ಬೇಡ, ಅದರ ಉಪ್ಪಿಗೆ ಫಲಿತಾಂಶ ತಪ್ಪುತ್ತದೆ. ಒಣಗಿದ ಮಣ್ಣಿನ ಚಿಕ್ಕ ಹೆಂಟೆ ಮೆಲ್ಲಗೆ ಬಿಡಿ, ಅಲ್ಲಾಡಿಸಬೇಡಿ. ಒಳ್ಳೆ ಮಣ್ಣು ಒಡೆದು ಪುಡಿಯಾಗಿ ತಳ ಸೇರುತ್ತದೆ, ಮೇಲಿನ ನೀರು ತಿಳಿ ಇರುತ್ತದೆ. ನಮ್ಮ ತಗ್ಗಿನ ಗದ್ದೆ ಹೆಂಟೆ ಸುತ್ತ ಮೊದಲು ಹೊಗೆ ಎದ್ದ ಹಾಗಾಯಿತು, ಆಮೇಲೆ ಲೋಟ ಪೂರ್ತಿ ಕದಡಿತು, ಮರುದಿನ ಬೆಳಿಗ್ಗೆಯೂ ತಿಳಿಯಾಗಿರಲಿಲ್ಲ. ಸೋಡಿಯಂ ಜಾಸ್ತಿ ಆದರೆ ಜೇಡಿ ಕಣ ಒಂದಕ್ಕೊಂದು ಹಿಡಿದುಕೊಳ್ಳಲ್ಲ. ಬಿಡಿ ಬಿಡಿಯಾಗಿ ಸಂದು ಮುಚ್ಚುತ್ತವೆ, ನೀರೂ ಇಳಿಯಲ್ಲ, ಬೇರಿಗೆ ಗಾಳಿಯೂ ಸಿಗಲ್ಲ.

ಎಲ್ಲರೂ ಮೊದಲು ಜಿಪ್ಸಂ ತಂದು ಹಾಕುತ್ತಾರೆ. ನನ್ನ ಪ್ರಕಾರ ಅದು ದಂಡ. ಜಿಪ್ಸಂನಲ್ಲಿರೋ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನ ಕಣದಿಂದ ಬಿಡಿಸುತ್ತದೆ, ಸರಿ. ಬಿಡಿಸಿದ್ದು ನೀರಲ್ಲಿ ಕರಗಿ ಹೊರಗೆ ಹೋಗಬೇಕಲ್ಲ? ದಾರಿ ಇಲ್ಲದಿದ್ದರೆ ಅದೇ ಗದ್ದೆಯಲ್ಲೇ ಇರುತ್ತದೆ. ಹಾಗಾಗಿ 2023ರ ಬರದಲ್ಲಿ ಬೇಸಿಗೆ ಭತ್ತಕ್ಕೆ ನೀರು ಸಿಗದೆ ಗದ್ದೆ ಖಾಲಿ ಬಿದ್ದಾಗ, ಜೆಸಿಬಿ ತರಿಸಿ ಮೇಲಿನ ಬದುವಿನ ಬುಡಕ್ಕೆ ಒಂದು, ಹಳ್ಳದ ಕಡೆ ಇಳಿಜಾರಿಗೆ ಒಂದು ಬಸಿಗಾಲುವೆ ತೆಗೆಸಿದೆ. ಮೂರಡಿ ಆಳ. ಮೇಲಿನದು ಬಸಿನೀರು ಒಳಗೆ ಬರದ ಹಾಗೆ ತಡೆಯುತ್ತದೆ, ಕೆಳಗಿನದು ಗದ್ದೆಯ ನೀರನ್ನು ಎಳೆಯುತ್ತದೆ.

ಹಳ್ಳಕ್ಕೆ ಸೇರೋ ಮುಂಚೆ ಕಾಲುವೆ ಪಕ್ಕದ ಗದ್ದೆ ಅಂಚಲ್ಲಿ ಹಾಯಬೇಕಿತ್ತು. ಆ ಗದ್ದೆ ಯಜಮಾನರು ಒಪ್ಪಲಿಲ್ಲ. ‘ಏನಪ್ಪಾ, ನಿನ್ನ ಗದ್ದೆ ಉಪ್ಪು ನನ್ನ ಗದ್ದೆಗೆ ಬಿಡ್ತೀಯಾ?’ ಅಂದರು. ‘ಕಾಕಾ, ನಿಮ್ಮ ಗದ್ದೆ ಬಸಿನೂ ಇದಕ್ಕೇ ಬೀಳುತ್ತೆ, ಜೆಸಿಬಿ ಖರ್ಚು ನಂದೇ’ ಅಂದ ಮೇಲೆ ಬಂದು ನಿಂತು ನೋಡಿ ಒಪ್ಪಿದರು. ಈ ಕೆಲಸದಲ್ಲಿ ಮಣ್ಣಿಗಿಂತ ಜಾಸ್ತಿ ಕಷ್ಟ ಇದೇ.

ಆಮೇಲೆ ಉಳುಮೆ. ಎಕರೆಗೆ ಎರಡು ಟನ್ ಜಿಪ್ಸಂ ಹರಡಿ, ಮೇಲಿನ ನಾಲ್ಕೈದು ಇಂಚಿಗೆ ಮಾತ್ರ ಬೆರೆಸಿದ್ದು. ಇದು ನಮ್ಮ ಪರೀಕ್ಷೆಯ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ನಾಲೆ ನೀರು ಬಂದ ಮೇಲೆ ಬದು ಕಟ್ಟಿ ನಿಲ್ಲಿಸೋದು, ಕೆಲವು ದಿನ ಬಿಟ್ಟು ಬಸಿಗಾಲುವೆಗೆ ಬಿಡೋದು, ಮತ್ತೆ ನಿಲ್ಲಿಸೋದು. ಇದಕ್ಕೆ ಸವಳು ಬೋರ್ ನೀರು ಬಳಸಬೇಡಿ, ತೊಳೆಯೋದರ ಬದಲು ಇನ್ನಷ್ಟು ಸೋಡಿಯಂ ತುಂಬುತ್ತೀರಿ. ತೊಳೆದ ಮೇಲೆ ಹಸಿರೆಲೆ ಗೊಬ್ಬರದ ಗಿಡ ಡಯಂಚದ ಬೀಜ ಚೆಲ್ಲಿದೆ. ಬೇರೆ ಏನೂ ಬಾರದ ಸವಳಲ್ಲೂ ಅದು ಬರುತ್ತದೆ. ಹೂ ಬಿಡೋ ಹೊತ್ತಿಗೆ, ಕಡ್ಡಿ ಗಟ್ಟಿಯಾಗೋ ಮುಂಚೆ ರೋಟವೇಟರ್ ಹೊಡೆಸಿ ಮಣ್ಣಿಗೆ ಸೇರಿಸಬೇಕು. ತಡ ಮಾಡಿದರೆ ಕೊಳೆಯಲ್ಲ, ನಾಟಿ ಮಾಡುವವರು ಕಾಲಿಗೆ ಚುಚ್ಚುತ್ತೆ ಅಂತ ಬೈತಾರೆ.

ಯೂರಿಯಾ ಮೂರು ಚೀಲದಿಂದ ಎರಡಕ್ಕೆ ಇಳಿಸಿ, ಅದನ್ನೂ ಮೂರು ಕಂತು ಮಾಡಿ, ನೀರು ಬಸಿದು ಎಸೆಯುತ್ತೇವೆ. ಸತುವಿನ ಸಲ್ಫೇಟ್ ಎಕರೆಗೆ 8 ಕೆಜಿ, ಡಿಎಪಿ ಜೊತೆ ಬೆರೆಸದೆ ಬೇರೆ ದಿನ. ಮಷಿನ್ ಕೊಯ್ಲು ಆದ ಮೇಲೆ ಹುಲ್ಲಿಗೆ ಬೆಂಕಿ ಇಡೋದು ಬಿಟ್ಟಿದ್ದೇವೆ. ಔಷಧಿ ಬಾಟಲಿ ಬದುವಿನ ಮೇಲೆ ಎಸೆಯೋದು ಮಾತ್ರ ಊರಲ್ಲಿ ಇನ್ನೂ ನಿಂತಿಲ್ಲ, ಮಳೆ ಬಂದರೆ ಅದರ ತಳದಲ್ಲಿ ಉಳಿದದ್ದೂ ಗದ್ದೆಗೇ.

ಒಂದೇ ವರ್ಷಕ್ಕೆ ಸರಿಯಾಯಿತು ಅಂತ ಹೇಳಲ್ಲ. ಈ ಸಲದ ಚೀಟಿಯಲ್ಲಿ ರಸಸಾರ 8.4 ಬಂದಿದೆ, ಇಂಗಾಲ ಅಷ್ಟೇನೂ ಏರಿಲ್ಲ. ನಾಟಿ ಮಾಡಿದ ಪೈರು ತೆಂಡೆ ಒಡೆಯುತ್ತಿದೆ. ಹಳ್ಳದ ಮೂಲೆಯ ಐದಾರು ಗುಂಟೆ ಮಾತ್ರ ಇನ್ನೂ ಹಾಗೇ ಇದೆ, ಅಲ್ಲಿ ಕಾಲುವೆ ಇಳಿಜಾರು ಸಾಲದು. ಮಳೆಗಾಲಕ್ಕೆ ಮುಂಚೆ ಅಷ್ಟನ್ನು ಇನ್ನೊಂದು ಅಡಿ ಆಳ ಮಾಡಿಸಬೇಕು. ಈ ಸಲ ಖರ್ಚಿನಲ್ಲಿ ಅರ್ಧ ಕೊಡ್ತೀನಿ ಅಂತ ಕಾಕಾನೇ ಹೇಳಿದ್ದಾರೆ.