ಮಂಡಿಯ ಗದ್ದಲದಲ್ಲಿ ಕೂತು ನೋಡಿದ ಮೇಲೆ

ನನ್ನ ಹತ್ತಿರ ಚಿಕಿತ್ಸೆಗೆ ಬಂದವರು ದಾವಣಗೆರೆ ಮಂಡಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ಹರಿಹರದಿಂದ ಬರುವಾಗ ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾಗಿತ್ತು. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕಿನ ಮೇಲೆ. ಆಸ್ಪತ್ರೆ ಚೀಟಿಯಲ್ಲಿ ಜಿಸಿಎಸ್ (ತಲೆಗೆ ಪೆಟ್ಟಾದಾಗ ಎಚ್ಚರದ ಮಟ್ಟ ಅಳೆಯುವ ಅಂಕ) 15ಕ್ಕೆ 10, ಅಂದರೆ ಮಧ್ಯಮ ಪೆಟ್ಟು. ಐದು ತಿಂಗಳಿಗೆ ನಡಿಗೆ, ಮಾತು, ಕೈಬರಹ ಎಲ್ಲ ನೆಟ್ಟಗಾಯಿತು. ನನ್ನ ಕೋಣೆಯಲ್ಲಿ ಕೊಟ್ಟ ಲೆಕ್ಕವನ್ನೆಲ್ಲ ಸರಿಯಾಗಿ ಮಾಡಿದರು. ಪೆಟ್ಟಾದವರನ್ನು ಮತ್ತೆ ದಿನದ ಕೆಲಸಗಳಿಗೆ ಅಣಿಮಾಡುವ ಆಕ್ಯುಪೇಷನಲ್ ಥೆರಪಿಸ್ಟ್ ಆದ ನಾನು ಕೆಲಸಕ್ಕೆ ಹೋಗಬಹುದು ಎಂದೆ.

ಮೂರನೇ ದಿನ ಹಮಾಲರೊಬ್ಬರ ಮೇಲೆ ತೂಕದ ಚೀಟಿ ಪುಸ್ತಕ ಎಸೆದು ಮನೆಗೆ ಬಂದುಬಿಟ್ಟರು. ಹೆಂಡತಿ ಫೋನ್ ಮಾಡಿದರು: "ಕೈಕಾಲು ಗಟ್ಟಿ ಅದಾವು, ಮತ್ಯಾಕೆ ಮನ್ಯಾಗೆ ಕುಂತಾರೆ ಅಂತ ಓಣ್ಯಾಗೆಲ್ಲ ಕೇಳ್ತಾರ್ರಿ ಮೇಡಂ."

ತಪ್ಪು ನನ್ನದೇ. ಫ್ಯಾನಿನ ಸದ್ದೂ ಇಲ್ಲದ ಕೋಣೆಯಲ್ಲಿ ಪರೀಕ್ಷೆ ಮಾಡಿ ಮಂಡಿಗೆ ಕಳಿಸಿದ್ದೆ. ಒಂದು ಬೆಳಿಗ್ಗೆ ಅವರ ಜೊತೆಗೇ ಹೋಗಿ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡೆ. ಹತ್ತು ನಿಮಿಷದಲ್ಲಿ ನಾಲ್ಕು ಫೋನ್, ಮೂವರು ರೈತರು, ನಡುವೆ ಚೀಲ ಎಣಿಸುವ ಕೂಗು. ಪ್ರತಿ ಸಲ ತಲೆ ಎತ್ತಿದಾಗಲೂ ಬರೆಯುತ್ತಿದ್ದ ಸಾಲು ಕಳೆದುಹೋಗುತ್ತಿತ್ತು. ಬೆರಳಿಟ್ಟು ಮೇಲಿನಿಂದ ಹುಡುಕುತ್ತಿದ್ದರು. ಹತ್ತೂವರೆಗೆ ಮುಖ ಬಿಳಿಚಿತ್ತು. ಬೇಡದ ಸದ್ದನ್ನು ಬದಿಗೊತ್ತುವುದು, ಸಿಟ್ಟು ತಡೆಯುವುದು ಹಣೆಯ ಹಿಂದಿನ ಮಿದುಳಿನ ಕೆಲಸ. ಅದು ದಣಿದರೆ ಥರ್ಮಾಮೀಟರಿಗೆ ಸಿಗುವುದಿಲ್ಲ, ಓಣಿಯವರಿಗೂ ಕಾಣುವುದಿಲ್ಲ.

ಸರ್ಕಾರಿ ನೌಕರರಾಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹಿಡಿದು ಮಾತಾಡಬಹುದಿತ್ತು. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂತೆಂದು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ದಲಾಲಿ ಅಂಗಡಿಯವರ ಮುಂದೆ ಆ ಕಲಂ ನಡೆಯದು. ಸಾವ್ಕಾರ್ರ ಎದುರು ಕೂತೆ. ಮಂಡಕ್ಕಿ, ಮಿರ್ಚಿ ತರಿಸಿದರು, ಒಳ್ಳೆಯ ಲಕ್ಷಣ.

ಒಪ್ಪಿಕೊಂಡದ್ದು ಇಷ್ಟು: ಮಧ್ಯಾಹ್ನ ಮಾಲಿನ ದರ ಗೊತ್ತುಮಾಡುವ ಟೆಂಡರಿನ ಗಲಾಟೆ ಇಳಿದ ಮೇಲೆ ದಿನಕ್ಕೆ ಎರಡೇ ಗಂಟೆ ಕೆಲಸ, ಗೋಡೆ ಕಡೆ ಮುಖ, ಫೋನ್ ಬೇರೆ ಹುಡುಗನಿಗೆ. ಬರೆಯುವ ಸಾಲಿನ ಕೆಳಗೆ ಒಂದು ಮರದ ಸ್ಕೇಲ್. ಯಾರೇ ಕರೆದರೂ ಮೊದಲು ಸ್ಕೇಲ್ ಇಡಬೇಕು, ಆಮೇಲೆ ತಲೆ ಎತ್ತಬೇಕು. ಕೇಳಲು ಸುಲಭ, ಕೈಗೆ ಕೂರಲು ಎರಡು ವಾರ ಹಿಡಿಯಿತು. ಆಮೇಲೆ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಹೆಚ್ಚಿಸಿದೆವು. ಒಂದು ಸಲ ಅವಸರಪಟ್ಟು ಒಂದು ಗಂಟೆ ಹೆಚ್ಚಿಸಿ, ಮತ್ತೆ ಹಿಂದಕ್ಕೆ ಬಂದೆವು.

ಸಿಟ್ಟು ಪೂರ್ತಿ ಹೋಗಿಲ್ಲ. ಕಿವಿ ಬಿಸಿಯಾಯಿತೆಂದರೆ ಗೋದಾಮಿನ ಹಿಂದೆ ಐದು ನಿಮಿಷ ಹೋಗಿ ನಿಲ್ಲುತ್ತಾರೆ. ಹಮಾಲರಿಗೆ ಗೊತ್ತು, ಆಗ ಯಾರೂ ಕೂಗುವುದಿಲ್ಲ.

ಈಗ ನಾಲ್ಕು ಗಂಟೆ ಕೆಲಸ, ಅರ್ಧ ಪಗಾರ. ಮೆಕ್ಕೆಜೋಳದ ಸುಗ್ಗಿಗೆ ಪೂರ್ತಿ ದಿನ ಬರ್ತಾರಾ ಎಂದು ಸಾವ್ಕಾರ್ರು ಮೊನ್ನೆ ಕೇಳಿದರು. ಈ ಸಲ ಬೇಡ ಅಂದೆ.